ಒಂದೇ ಹೆಸರು, ನಾಲ್ಕು ಲಿಪಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಪ್ರಯಾಣಿಕನ ಕಿವಿಗೆ ಕನ್ನಡ, ಮರಾಠಿ, ಉರ್ದು ಮೂರೂ ಬೀಳುತ್ತವೆ. ಸಂತೆಯ ದಿನವಾಗಿದ್ದರೆ ತೆಲುಗೂ ಸೇರಿಕೊಳ್ಳುವುದುಂಟು. ಮಾತಾಡುವವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಒಬ್ಬನೇ ಮನುಷ್ಯ ಬಸ್ಸಿನ ಕಂಡಕ್ಟರನೊಡನೆ ಒಂದು ಭಾಷೆ, ಅಂಗಡಿಯವನೊಡನೆ ಇನ್ನೊಂದು, ಮನೆಯಲ್ಲಿ ಮತ್ತೊಂದು ಆಡಿಕೊಂಡು ನಿಶ್ಚಿಂತನಾಗಿರುತ್ತಾನೆ. ತೊಡಕು ಹುಟ್ಟುವುದು ಮಾತು ಕಾಗದಕ್ಕೆ ಇಳಿದಾಗ.

ಈ ಸೀಮೆಯಲ್ಲಿ ಮಾಣಿಕಪ್ಪ, ಮಾಣಿಕರಾವ್ ಎಂಬ ಹೆಸರುಗಳಿಗೆ ಬರವಿಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ೧೮೧೭ರಲ್ಲಿ ಜನಿಸಿ, ೧೮೬೫ರಲ್ಲಿ ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಮೇಲಣ ಭಕ್ತಿಯೇ ಇದಕ್ಕೆ ಕಾರಣವೆಂದು ಊಹಿಸುವುದು ಕಷ್ಟವಲ್ಲ. ಪ್ರಭುಗಳೂ ಒಂದೇ ಭಾಷೆಗೆ ಅಂಟಿಕೊಂಡವರಲ್ಲ. ಮರಾಠಿ, ಕನ್ನಡ, ಹಿಂದಿ ಮೂರರಲ್ಲಿಯೂ ಪದಗಳನ್ನು ರಚಿಸಿದವರು.

ಓದುಗರು ಅಂಥ ಒಬ್ಬ ಮಾಣಿಕಪ್ಪನನ್ನು ಕಲ್ಪಿಸಿಕೊಳ್ಳಲಿ. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು. ಆಗಿನ ಕಾಗದದಲ್ಲಿ ಆತನ ಹೆಸರು ಉರ್ದು ಲಿಪಿಯಲ್ಲಿದೆ. ಆತ ಓದಿದ್ದು ಮರಾಠಿ ಶಾಲೆಯಲ್ಲಿ. ಶಾಲೆಯ ದಾಖಲೆ ನಾಗರಿಯಲ್ಲಿದೆ. ೧೯೫೬ರ ನವೆಂಬರ್ ಒಂದರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪಹಣಿ ಪತ್ರಿಕೆ ಕನ್ನಡಕ್ಕೆ ಬಂದಿತು. ಬ್ಯಾಂಕಿನ ಪುಸ್ತಕ ಇಂಗ್ಲಿಷಿನದು. ಇಂದು ಆತನ ಮೊಮ್ಮಗ ಅಜ್ಜನ ಹೊಲಕ್ಕೆ ತಾನು ವಾರಸುದಾರನೆಂದು ತೋರಿಸಬೇಕಾದರೆ, ಈ ನಾಲ್ಕು ಕಾಗದಗಳ ನಾಲ್ಕು ಹೆಸರುಗಳೂ ಒಬ್ಬನವೇ ಎಂಬುದು ಸಿದ್ಧವಾಗಬೇಕು.

ಇದು ಕಾಣುವಷ್ಟು ಸುಲಭವಲ್ಲ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಣಕಾರಕ್ಕೆ ಬೇರೆ ಅಕ್ಷರವೂ ಇಲ್ಲ. ಅಲ್ಲಿ ಮಾಣಿಕಪ್ಪ ಉಳಿಯುವುದು ಹೆಚ್ಚುಕಡಿಮೆ ‘ಮಾನ್‌ಕ್‌ಪಾ’ ಎಂದು. ನಾಗರಿಯಲ್ಲಿ ಣಕಾರ ಉಳಿಯುತ್ತದೆ, ಆದರೆ ಕೊನೆಯ ಅಕಾರ ದೀರ್ಘವಾಗಿ ‘ಮಾಣಿಕಪ್ಪಾ’ ಆಗುತ್ತದೆ. ಇಂಗ್ಲಿಷಿನಲ್ಲಿ ಬರೆದುದನ್ನು ತಿರುಗಿ ಕನ್ನಡಕ್ಕೆ ತರುವ ಗುಮಾಸ್ತ ‘ಮನಿಕಪ್ಪ’ ಎಂದು ಬರೆದರೆ ಆತನನ್ನು ದೂರುವಂತಿಲ್ಲ. ಆ ಅಕ್ಷರಗಳಲ್ಲಿ ದೀರ್ಘವೂ ಇಲ್ಲ, ಣಕಾರವೂ ಇಲ್ಲ. ಊರುಗಳ ಗತಿಯೂ ಇಷ್ಟೆ. ಚಾಲುಕ್ಯರ ಕಾಲಕ್ಕೆ ಕಲ್ಯಾಣ, ಆಮೇಲೆ ಕಲ್ಯಾಣಿ, ಈಗ ಬಸವಕಲ್ಯಾಣ. ಇತ್ತ ಹುಮನಾಬಾದ, ಹುಮನಾಬಾದ್, ಹುಮ್ನಾಬಾದ್ ಎಂಬ ಮೂರು ಬಗೆಯ ಫಲಕಗಳಿದ್ದರೂ ಊರು ಒಂದೇ.

ಆಸ್ತಿ ಯಾರಿಗೆ ಸೇರಬೇಕೆಂಬ ಪ್ರಶ್ನೆಗೂ ಈ ನೆಲಕ್ಕೂ ಹಳೆಯ ನಂಟುಂಟು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರೆಯನ್ನು ಬರೆದದ್ದು ಕಲ್ಯಾಣದಲ್ಲಿಯೆ. ಬಂಗಾಳದ ಕಡೆಯೊಂದನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆ ಗ್ರಂಥವೇ ಶತಮಾನಗಳ ಕಾಲ ಪ್ರಮಾಣವಾಗಿತ್ತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೂ ಅದರ ಛಾಯೆ ಪೂರ್ತಿ ಅಳಿಯಲಿಲ್ಲ. ಮಗನಿಗೆ ಎಷ್ಟು ಪಾಲು ಎಂಬುದನ್ನು ವಿಜ್ಞಾನೇಶ್ವರ ಬಿಡಿಸಿ ಹೇಳಿದ. ಕಾಗದದಲ್ಲಿರುವ ಮಾಣಿಕಪ್ಪ ಇವನೇ ಹೌದೆ ಎಂಬ ಪ್ರಶ್ನೆ ಆತನ ಕಾಲದಲ್ಲಿ ಅಷ್ಟಾಗಿ ಏಳುತ್ತಿರಲಿಲ್ಲ. ಊರ ಹಿರಿಯರು ಮುಖ ನೋಡಿ ಹೇಳುತ್ತಿದ್ದರು.

ಮುಖ ನೋಡುವ ಕಾಲ ಕಳೆದು ಯಂತ್ರದ ಕಾಲ ಬಂದಿದೆ. ೧೯೫೬ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿ ‘ರಾಮಾಕ್’ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿತು. ತಿರುಗುವ ತಟ್ಟೆಗಳ ಮೇಲೆ ಮಾಹಿತಿಯನ್ನು ಬರೆದಿಡುವ ಗಣಕಯಂತ್ರಗಳಲ್ಲಿ ಅದೇ ಮೊದಲನೆಯದು. ಎರಡಡಿ ಅಗಲದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಮಿಕ್ಕ ತೂಕ. ಅದರಲ್ಲಿ ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರ ಮಾತ್ರ. ಆ ಬೀಜ ಬೆಳೆದು ಮರವಾಗಿ ಅದರ ನೆರಳು ಬೀದರಿನ ಹೊಲಗಳ ಮೇಲೂ ಬಿತ್ತು. ‘ಭೂಮಿ’ ಎಂಬ ಯೋಜನೆಯಲ್ಲಿ ೨೦೦೨ರ ವೇಳೆಗೆ ಕರ್ನಾಟಕದ ೧೭೭ ತಾಲ್ಲೂಕುಗಳ ಸುಮಾರು ೨ ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ಒಡೆಯರ ಸಂಖ್ಯೆ ಸುಮಾರು ೬೭ ಲಕ್ಷ. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳೂ ಆ ಲೆಕ್ಕದಲ್ಲಿ ಸೇರಿದ್ದವು.

ಕಂಪ್ಯೂಟರಿಗೆ ಕಿವಿಯಿಲ್ಲ, ಅದು ಬಲ್ಲುದು ಅಂಕಿಗಳನ್ನು ಮಾತ್ರ. ಪ್ರತಿಯೊಂದು ಅಕ್ಷರಕ್ಕೂ ಅದರಲ್ಲಿ ಒಂದು ಸಂಖ್ಯೆಯುಂಟು. ಇಂದು ಲೋಕವೆಲ್ಲ ಒಪ್ಪಿರುವ ಯೂನಿಕೋಡ್ ಪಟ್ಟಿಯಂತೆ ಕನ್ನಡದ ‘ಮ’ ಎಂದರೆ ೩೨೪೬, ನಾಗರಿಯದು ೨೩೫೦, ಉರ್ದುವಿನದು ೧೬೦೫, ಇಂಗ್ಲಿಷಿನ ದೊಡ್ಡಕ್ಷರ ೭೭. ಮಾಣಿಕಪ್ಪನ ಹೆಸರಿನ ಮೊದಲ ಅಕ್ಷರದಲ್ಲಿಯೇ ಯಂತ್ರದ ಪಾಲಿಗೆ ನಾಲ್ವರು ಅಪರಿಚಿತರು ಹುಟ್ಟಿಕೊಂಡಂತಾಯಿತು!

ಈ ಬಗೆಯ ಗಂಟುಗಳನ್ನು ಬಿಡಿಸಲು ಜೀವಮಾನ ಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರೊಫೆಸರ್ ಜಯಂತ್ ಹರಿತ್ಸ ಒಬ್ಬರು. ಭೂಮಿ ಯೋಜನೆಯನ್ನು ಕಟ್ಟಿದವರು ಬೇರೆ. ಹರಿತ್ಸರ ಕೆಲಸ ಯಾವ ಒಂದು ಕಚೇರಿಗೂ ಸೇರಿದುದಲ್ಲ. ಎಲ್ಲ ಕಚೇರಿಗಳ, ಬ್ಯಾಂಕುಗಳ, ರೈಲ್ವೆಯ ಕಂಪ್ಯೂಟರುಗಳೊಳಗೆ ಕುಳಿತಿರುವ ಮಾಹಿತಿಯ ಉಗ್ರಾಣ ಹೇಗೆ ನಡೆಯಬೇಕೆಂಬುದು ಅವರ ವಿಷಯ. ಈ ಉಗ್ರಾಣವನ್ನೇ ಬಲ್ಲವರು ಡೇಟಾಬೇಸ್ ಎನ್ನುತ್ತಾರೆ.

ಹರಿತ್ಸರು ೧೯೮೫ರಲ್ಲಿ ಮದರಾಸಿನ ಐ.ಐ.ಟಿ.ಯಿಂದ ಇಲೆಕ್ಟ್ರಾನಿಕ್ಸ್ ಪದವಿ ಪಡೆದು, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. ಮ್ಯಾಡಿಸನ್ ನಗರದ ಆ ವಿದ್ಯಾಲಯ ಡೇಟಾಬೇಸ್ ವಿದ್ಯೆಗೆ ಅಂದಿನ ಗುರುಕುಲಗಳಲ್ಲೊಂದು. ಅಲ್ಲಿ ಅವರು ಹಿಡಿದ ಪ್ರಶ್ನೆ ಇದು: ಗಡುವು ಮೀರಿದ ಉತ್ತರಕ್ಕೆ ಬೆಲೆಯೇ ಇಲ್ಲದಿರುವ ಕಡೆ ಉಗ್ರಾಣವನ್ನು ಹೇಗೆ ನಡೆಸಬೇಕು?

ಒಂದು ದಫ್ತರಿನ ಮೇಲೆ ಹತ್ತು ಗುಮಾಸ್ತರು ಕೆಲಸ ಮಾಡುವರೆಂದು ಇಟ್ಟುಕೊಳ್ಳಬಹುದು. ಒಂದು ಕ್ರಮದಲ್ಲಿ, ದಫ್ತರು ಹಿಡಿದವನು ಅದನ್ನು ಕಂಕುಳಲ್ಲಿಟ್ಟುಕೊಳ್ಳುತ್ತಾನೆ. ಅವನದು ಮುಗಿಯುವ ತನಕ ಉಳಿದವರು ಕಾಯಬೇಕು. ಇನ್ನೊಂದು ಕ್ರಮದಲ್ಲಿ, ಎಲ್ಲರೂ ತಮತಮಗೆ ಬೇಕಾದುದರ ನಕಲು ತೆಗೆದುಕೊಂಡು ಕೆಲಸ ನಡೆಸುತ್ತಾರೆ. ಮುಗಿಸಿದವನು ತನ್ನ ತಿದ್ದುಪಡಿಯನ್ನು ದಫ್ತರಿಗೇರಿಸುತ್ತಾನೆ. ಅದರಿಂದ ಯಾರ ನಕಲು ಹಳತಾಯಿತೋ ಅವರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಎರಡನೆಯದಕ್ಕೆ ಶಾಸ್ತ್ರಜ್ಞರು ‘ಆಶಾವಾದಿ’ ಕ್ರಮವೆಂದು ಹೆಸರಿಟ್ಟಿದ್ದಾರೆ. ಘರ್ಷಣೆಯಾಗಲಾರದೆಂಬ ಆಶೆಯ ಮೇಲೆ ನಡೆಯುವುದರಿಂದ ಆ ಹೆಸರು. ವ್ಯವಹಾರದಲ್ಲಿ ಮೊದಲನೆಯ ಕ್ರಮಕ್ಕೇ ಮನ್ನಣೆ ಹೆಚ್ಚಾಗಿತ್ತು. ಆದರೆ ಗಡುವು ಕಟ್ಟುನಿಟ್ಟಾಗಿರುವ ಕಡೆ ಆಶಾವಾದಿಯೇ ಮೇಲೆಂದು ಹರಿತ್ಸರು ತಮ್ಮ ಗುರುಗಳಾದ ಮೈಕೇಲ್ ಕೇರಿ, ಮಿರಾನ್ ಲಿವ್ನಿ ಅವರೊಡನೆ ೧೯೯೦ರಲ್ಲಿ ತೋರಿಸಿದರು. ಕಾರಣ ಸ್ವಾರಸ್ಯವಾಗಿದೆ. ದಫ್ತರು ಕಂಕುಳಲ್ಲಿಟ್ಟುಕೊಂಡವನು ಕಡೆಗೆ ತಾನೇ ಗಡುವು ತಪ್ಪಿ ಹೊರಬಿದ್ದರೆ, ಅಷ್ಟು ಹೊತ್ತು ಅವನಿಗಾಗಿ ಕಾದವರ ಕಾಲವೂ ದಂಡ. ಆಶಾವಾದಿ ಕ್ರಮದಲ್ಲಿ ಇತರರಿಗೆ ಅಡ್ಡಿ ಮಾಡುವ ಅಧಿಕಾರ ಕೆಲಸ ಮುಗಿಸಿದವನಿಗೆ ಮಾತ್ರ. ತಾನೂ ಮುಗಿಸದೆ ಪರರನ್ನೂ ಮುಗಿಸಗೊಡದವನ ಕಾಟ ಎಂಥದೆಂದು ಸರಕಾರಿ ಕಚೇರಿಗೆ ಅಲೆದವರಿಗೆ ವಿವರಿಸಬೇಕಾದುದಿಲ್ಲ.

೧೯೯೧ರಲ್ಲಿ ಡಾಕ್ಟರೇಟ್ ಬಂದಿತು. ಮೇರಿಲ್ಯಾಂಡಿನಲ್ಲಿ ಕೆಲಕಾಲವಿದ್ದು ೧೯೯೩ರಲ್ಲಿ ಹರಿತ್ಸರು ಬೆಂಗಳೂರಿಗೆ ಬಂದು ವಿಜ್ಞಾನ ಮಂದಿರವನ್ನು ಸೇರಿದರು. ಆ ದಿನಗಳಲ್ಲಿ ಈ ವಿದ್ಯೆಯವರಿಗೆ ಅಮೆರಿಕದ ಕಂಪೆನಿಗಳಲ್ಲಿ ಬರವಿಲ್ಲದ ಬೇಡಿಕೆ. ಓದಲು ಹೋದವರು ಅಲ್ಲಿಯೇ ಬೇರು ಬಿಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಹಿಂದಿರುಗಿ ಬಂದು, ಇಲ್ಲಿಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪ್ರಯೋಗಶಾಲೆ ನಡೆಸಿದುದು ಸಣ್ಣ ಮಾತಲ್ಲ.

ಹೆಸರುಗಳ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡದ್ದು ತಮ್ಮ ವಿದ್ಯಾರ್ಥಿ ಎ. ಕುಮಾರನ್ ಅವರೊಡನೆ. ೨೦೦೪ರಲ್ಲಿ ಅವರಿಬ್ಬರು ಪ್ರಕಟಿಸಿದ ಉಪಾಯಕ್ಕೆ ‘ಲೆಕ್ಸ್‌ಈಕ್ವಲ್’ ಎಂದು ಹೆಸರು. ಅಕ್ಷರ ಯಾವುದಾದರೂ ಇರಲಿ, ಹೆಸರನ್ನು ಮೊದಲು ಉಚ್ಚಾರಣೆಗೆ ತಿರುಗಿಸಬೇಕು. ಭಾಷಾಶಾಸ್ತ್ರಜ್ಞರು ಲೋಕದ ಎಲ್ಲ ಭಾಷೆಗಳ ಧ್ವನಿಗಳಿಗೂ ಒಂದು ಸಾಮಾನ್ಯ ಲಿಪಿಯನ್ನು ಮಾಡಿಟ್ಟಿದ್ದಾರಷ್ಟೆ. ಆ ಲಿಪಿಗೆ ಇಳಿಸಿದ ಮೇಲೆ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದನ್ನು ಇನ್ನೊಂದಾಗಿ ಮಾಡಲು ಎಷ್ಟು ಧ್ವನಿಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸಬೇಕು. ನಕಾರ ಣಕಾರಗಳಂತೆ ಹತ್ತಿರದ ಬಂಧುಗಳ ಅದಲುಬದಲಿಗೆ ದಂಡ ಕಡಿಮೆ. ಮಕಾರ ಕಕಾರಗಳಂಥ ದೂರದವರ ಬದಲಿಗೆ ದಂಡ ಹೆಚ್ಚು. ಒಟ್ಟು ದಂಡ ಒಂದು ಮಿತಿಯೊಳಗಿದ್ದರೆ ಇಬ್ಬರೂ ಒಬ್ಬನೇ ಇರಬಹುದೆಂದು ಯಂತ್ರ ಹೇಳುತ್ತದೆ. ಇದನ್ನು ಇಂಗ್ಲಿಷ್, ಹಿಂದಿ, ತಮಿಳುಗಳಲ್ಲಿ ಪರೀಕ್ಷಿಸಿದರು. ಪರೀಕ್ಷೆಗೆ ಹೆಸರುಗಳನ್ನು ಆರಿಸಿದ ಆಕರಗಳಲ್ಲಿ ಬೆಂಗಳೂರಿನ ಟೆಲಿಫೋನ್ ಡೈರೆಕ್ಟರಿಯೂ ಒಂದು! ದಪ್ಪನೆಯ ಆ ಪುಸ್ತಕಕ್ಕೆ ಮನೆಗಳಲ್ಲಿ ಇದಕ್ಕಿಂತ ಘನವಾದ ಉಪಯೋಗ ಸಿಕ್ಕಿರಲಾರದು.

ಮಿತಿಯನ್ನು ಎಲ್ಲಿಡಬೇಕೆಂಬುದೇ ನಾಜೂಕಾದ ವಿಷಯ. ಬಿಗಿಯಾಗಿಟ್ಟರೆ ಉರ್ದು ಕಾಗದದ ಮಾನ್‌ಕ್‌ಪಾ ಹೊರಗುಳಿದು ಮೊಮ್ಮಗ ಹೊಲ ಕಳೆದುಕೊಳ್ಳುತ್ತಾನೆ. ಸಡಿಲ ಬಿಟ್ಟರೆ ಮಾಣಿಕಪ್ಪನಿಗೂ ಮಾಣಿಕಮ್ಮನಿಗೂ ವ್ಯತ್ಯಾಸವಿಲ್ಲದಂತಾಗುತ್ತದೆ. ಪಕಾರದ ಒತ್ತು ಹೋಗಿ ಮಕಾರದ ಒತ್ತು ಬಂದರೆ ಅಜ್ಜನೇ ಅಜ್ಜಿ! ವೇಗದ ಪ್ರಶ್ನೆಯೂ ಇಂಥದೇ. ಲಕ್ಷಾಂತರ ಹೆಸರುಗಳಲ್ಲಿ ಪ್ರತಿಯೊಂದನ್ನೂ ಹೀಗೆ ತೂಗುತ್ತ ಕುಳಿತರೆ ಯಂತ್ರಕ್ಕೂ ಹೊತ್ತು ಹಿಡಿಯುತ್ತದೆ. ಧ್ವನಿಗಳ ಪ್ರಕಾರ ಸೂಚಿ ಮಾಡಿಟ್ಟರೆ ಹುಡುಕಾಟ ಎಷ್ಟೋ ಪಾಲು ಬೇಗ ಮುಗಿಯುತ್ತದೆ, ಆದರೆ ಸಿಕ್ಕಬೇಕಾದ ಕೆಲವು ಹೆಸರುಗಳು ಕೈತಪ್ಪುತ್ತವೆ. ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ ಇಷ್ಟೆಂಬ ಒಂದು ಅಂಕಿ. ಕೈತಪ್ಪಿದ ಹೆಸರಿನವನಿಗೆ ಅದು ಅಂಕಿಯಲ್ಲ. ಇಂಥ ಕಡೆ ಕೊನೆಯ ಮಾತನ್ನು ಯಂತ್ರಕ್ಕೆ ಬಿಡದೆ, ಅದು ತೆಗೆದುಕೊಟ್ಟ ಪಟ್ಟಿಯನ್ನು ತಿಳಿದ ಮನುಷ್ಯನೊಬ್ಬ ನೋಡುವುದು ಒಳ್ಳೆಯದು. ನಾಲ್ಕು ಲಿಪಿಗಳನ್ನೂ ಓದಬಲ್ಲ ಹಿರಿಯರು ಬೀದರ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.

ಹರಿತ್ಸರಿಗೆ ಹೆಚ್ಚಿನ ಹೆಸರು ತಂದದ್ದು ಬೇರೊಂದು ಕೆಲಸ. ತಿರುಗುವ ತಟ್ಟೆಯ ಮೇಲಿನ ಒಂದು ತುಣುಕನ್ನು ಹುಡುಕಿ ತರುವುದಕ್ಕೆ, ಯಂತ್ರದ ಒಳನೆನಪಿನಿಂದ ತರುವುದಕ್ಕಿಂತ ಸುಮಾರು ಲಕ್ಷಪಾಲು ಹೆಚ್ಚು ಹೊತ್ತು ಬೇಕು. ಆದುದರಿಂದ ಯಾವ ದಫ್ತರನ್ನು ಮೊದಲು ತೆರೆಯಬೇಕೆಂಬುದು ದೊಡ್ಡ ಮಾತಾಗುತ್ತದೆ. ‘ಹುಮನಾಬಾದ್ ತಾಲ್ಲೂಕಿನಲ್ಲಿ ತೊಗರಿ ಬೆಳೆದು, ಸಂಘದ ಸಾಲ ಉಳಿಸಿಕೊಂಡವರು ಯಾರು?’ ಎಂದು ಕೇಳಿದರೆಂದಿಟ್ಟುಕೊಳ್ಳಿ. ಸಾಲಗಾರರು ನಲವತ್ತೇ ಮಂದಿಯಾದರೆ ಸಾಲದ ಪುಸ್ತಕದಿಂದ ಹೊರಟು ನಲವತ್ತು ಹೊಲ ನೋಡಿದರಾಯಿತು. ತೊಗರಿಯ ನಾಡಿನಲ್ಲಿ ಬೆಳೆಯ ಪುಸ್ತಕದಿಂದ ಹೊರಟವನು ತಾಲ್ಲೂಕನ್ನೆಲ್ಲ ಸುತ್ತಬೇಕು! ಈ ದಾರಿ ಆರಿಸುವ ಕೆಲಸವನ್ನು ಯಂತ್ರದೊಳಗಿನ ಒಂದು ಭಾಗವೇ ಮಾಡುತ್ತದೆ; ಐ.ಬಿ.ಎಂ. ಕಂಪೆನಿಯ ಪೆಟ್ರೀಷಿಯಾ ಸೆಲಿಂಗರ್ ಮತ್ತು ಸಂಗಡಿಗರು ೧೯೭೯ರಲ್ಲಿ ಅದಕ್ಕೆ ಹಾಕಿಕೊಟ್ಟ ಪದ್ಧತಿಯೇ ಇಂದಿಗೂ ತಳಹದಿ. ಆ ಭಾಗ ಪ್ರತಿಯೊಂದು ದಾರಿಯ ಖರ್ಚನ್ನೂ ಅಂದಾಜು ಮಾಡಿ ಅಗ್ಗವಾದುದನ್ನು ಹಿಡಿಯುತ್ತದೆ. ಅಂದಾಜು ತಪ್ಪಿದರೆ ಕ್ಷಣದ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ.

ದೊಡ್ಡ ಕಂಪೆನಿಗಳು ಮಾರುವ ಡೇಟಾಬೇಸುಗಳು ಹೀಗೆ ದಾರಿ ಆರಿಸುವುದನ್ನು ಹರಿತ್ಸರ ವಿದ್ಯಾರ್ಥಿಗಳು ಚಿತ್ರವಾಗಿ ಬರೆಸಿದರು. ಒಂದೊಂದು ದಾರಿಗೆ ಒಂದೊಂದು ಬಣ್ಣ. ನಾಲ್ಕೈದು ಅಚ್ಚುಕಟ್ಟಾದ ಪಟ್ಟೆಗಳು ಕಾಣಬೇಕಾದ ಕಡೆ ಚೂಪುಚೂಪು ಚೂರುಗಳು, ದ್ವೀಪಗಳು, ಗೆರೆಗಳು ಮೂಡಿದವು. ನೋಡಿದವರಿಗೆ ಪಿಕಾಸೋನ ಚಿತ್ರಗಳ ನೆನಪಾಯಿತು. ಆ ಸಾಧನಕ್ಕೆ ‘ಪಿಕಾಸೋ’ ಎಂದೇ ಹೆಸರಾಯಿತು. ಇದನ್ನು ೨೦೦೫ರಲ್ಲಿ ಪ್ರಕಟಿಸಿದರು. ಖರ್ಚು ನೂರಕ್ಕೆ ಇಪ್ಪತ್ತು ಏರಲು ಒಪ್ಪಿದರೆ ಅಷ್ಟೊಂದು ಬಣ್ಣಗಳಲ್ಲಿ ಹತ್ತರ ಸುಮಾರು ಉಳಿಸಿಕೊಂಡು ಮಿಕ್ಕವನ್ನು ಅಳಿಸಬಹುದೆಂದು ೨೦೦೭ರಲ್ಲಿ ತೋರಿಸಿದರು. ಯಂತ್ರ ಅಷ್ಟೊಂದು ತಲೆ ಕೆಡಿಸಿಕೊಂಡದ್ದರಲ್ಲಿ ಬಹುಪಾಲು ವ್ಯರ್ಥವಾಗಿತ್ತೆಂದಾಯಿತು.

ಅಂದಾಜೇ ತಪ್ಪಿಗೆ ಮೂಲವಾದರೆ ಅಂದಾಜೇ ಏಕೆ ಬೇಕು? ಅನ್ಶುಮಾನ್ ದತ್ತರೊಡನೆ ೨೦೧೪ರಲ್ಲಿ ಹರಿತ್ಸರು ಎತ್ತಿದ ಪ್ರಶ್ನೆ ಇದು. ಅವರ ಉತ್ತರವನ್ನು ಮನೆಯ ಲೆಕ್ಕದಲ್ಲಿಯೇ ತಿಳಿಯಬಹುದು. ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತಿಲ್ಲ. ಮೊದಲು ಒಂದು ಗಂಟೆಗೆ ತಕ್ಕ ದಾರಿಯನ್ನು ಹಿಡಿದು ಒಂದೇ ಗಂಟೆ ನೋಡುವುದು. ಮುಗಿಯದಿದ್ದರೆ ಅದನ್ನು ಬಿಟ್ಟು ಎರಡು ಗಂಟೆಗೆ ತಕ್ಕುದನ್ನು, ಆಮೇಲೆ ನಾಲ್ಕರದನ್ನು, ಎಂಟರದನ್ನು ಹಿಡಿಯುವುದು. ಎಂಟರ ಸರದಿಯಲ್ಲಿ ಮುಗಿಯಿತೆನ್ನೋಣ. ಒಟ್ಟು ಕಳೆದದ್ದು ಹೆಚ್ಚೆಂದರೆ ೧, ೨, ೪, ೮ ಸೇರಿ ೧೫ ಗಂಟೆ. ನಾಲ್ಕು ಗಂಟೆಯಲ್ಲಿ ಮುಗಿಯಲಿಲ್ಲವಾದುದರಿಂದ ಎಲ್ಲವನ್ನೂ ಮೊದಲೇ ತಿಳಿದ ಸರ್ವಜ್ಞನಿಗೂ ನಾಲ್ಕಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಎಂದರೆ ಸರ್ವಜ್ಞನಿಗೆ ಹಿಡಿಯುವ ಹೊತ್ತಿನ ನಾಲ್ಕುಪಟ್ಟಿನೊಳಗೆ ಕೆಲಸ ಮುಗಿದೇ ಮುಗಿಯುತ್ತದೆ. ತಿಳಿಯದ ಸಂಗತಿ ಒಂದೇ ಆಗಿರುವಾಗ ಈ ಭರವಸೆ. ತಿಳಿಯದವು ಹೆಚ್ಚಿದಂತೆ ಪಟ್ಟು ಹೆಚ್ಚುತ್ತದೆ. ಆದರೂ ಸಾವಿರಪಟ್ಟು ಕೆಟ್ಟೀತೆಂಬ ಭಯ ಹೋಗುತ್ತದೆ. ಹೀಗೆ ಆರಿಸಿಟ್ಟ ದಾರಿಗಳ ಗುಂಪನ್ನು ಅವರು ‘ಹೂಗುಚ್ಛ’ ಎಂದು ಕರೆದಿದ್ದಾರೆ.

೨೦೦೯ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, ೨೦೧೪ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಹರಿತ್ಸರನ್ನು ಅರಸಿಕೊಂಡು ಬಂದವು.

ಈಚಿನ ಕೆಲಸಗಳಲ್ಲಿ ಒಂದನ್ನು ಹೇಳದೆ ಬಿಡುವಂತಿಲ್ಲ. ಹಳೆಯ ಕಚೇರಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬರೆಸಿದ ಪ್ರೋಗ್ರಾಮುಗಳು ಇನ್ನೂ ಓಡುತ್ತಿರುತ್ತವೆ. ಬರೆದವನು ನಿವೃತ್ತನಾಗಿದ್ದಾನೆ, ಬರೆದ ಕಾಗದ ಕಳೆದಿದೆ, ಅದು ದಾಖಲೆಗಳಿಗೆ ಏನು ಕೇಳುತ್ತಿದೆಯೆಂದು ಬಲ್ಲವರಿಲ್ಲ. ಪೆಟ್ಟಿಗೆಯನ್ನು ಒಡೆಯದೆ ಒಳಗಿನ ಪ್ರಶ್ನೆಯನ್ನು ಹೊರತೆಗೆಯುವ ಉಪಾಯವನ್ನು ಹರಿತ್ಸರು ಕಪಿಲ್ ಖುರಾನಾ ಅವರೊಡನೆ ೨೦೨೧ರಲ್ಲಿ ಪ್ರಕಟಿಸಿದರು. ದಾಖಲೆಗಳ ರಾಶಿಯನ್ನು ಅರ್ಧ ಮಾಡಿ ಪ್ರೋಗ್ರಾಮಿಗೆ ಕೊಡುವುದು. ಉತ್ತರ ಬಂದರೆ ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಬಾರದಿದ್ದರೆ ಇನ್ನೊಂದು ಅರ್ಧವನ್ನು ಹಿಡಿಯುವುದು. ಹೀಗೆ ಕತ್ತರಿಸುತ್ತ ಕತ್ತರಿಸುತ್ತ ಕಡೆಗೆ ಒಂದೊಂದು ಪುಸ್ತಕದಿಂದ ಒಂದೊಂದೇ ಸಾಲು ಉಳಿಯುತ್ತದೆ. ಆ ಸಾಲಿನ ಒಂದೊಂದು ಮಾತನ್ನು ಬದಲಿಸಿ ನೋಡುತ್ತ ಹೋದರೆ, ಯಾವುದನ್ನು ಮುಟ್ಟಿದಾಗ ಉತ್ತರ ನಿಲ್ಲುತ್ತದೆಂಬುದರಿಂದ ಒಳಗಿನ ಪ್ರಶ್ನೆ ಮೆಲ್ಲಮೆಲ್ಲನೆ ಬಯಲಾಗುತ್ತದೆ.